ಕ್ಯಾರವಾನ್ ಓಡಿದ ಮೂವತ್ತೆಂಟು ಕಿಲೋಮೀಟರ್

ಜನವರಿ ಹದಿನೇಳು, ಶನಿವಾರ. ಬೆಳಿಗ್ಗೆ 11.20ಕ್ಕೆ ಹೊಸನಗರ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಮೂವರು. ಹುಬ್ಬಳ್ಳಿಯಲ್ಲಿ ಲೆಕ್ಚರರ್ ಆಗಿದ್ದ ರವಿಶಂಕರ, ಅವರ ಮಗಳು ಸಿಂಚನಾ, ಎಪ್ಪತ್ತು ದಾಟಿದ ತಾಯಿ ವಾಗ್ದೇವಿ. ಅಪ್ಪ, ಮಗಳು ಇಬ್ಬರ ಕಾಲಿಗೂ ಮೊಣಕಾಲಿನವರೆಗೆ ಕೆಸರು ಮೆತ್ತಿತ್ತು. ಅಜ್ಜಿ ಮಾತ್ರ ಎಲ್ಲೂ ಕೆಸರು ತಾಗಿಸಿಕೊಳ್ಳದೆ ಬಂದು, ಬೆಂಚಿನ ತುದಿಯಲ್ಲಿ ಕೂತು ಕಣ್ಣು ಮುಚ್ಚಿದರು.

"ನಮ್ಮ ಕ್ಯಾರವಾನ್ ಕಳುವಾಗಿದೆ ಮೇಡಂ," ಎಂದರು ರವಿಶಂಕರ.

ಪಿಎಸ್‌ಐ ವಿನಯಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಈ ಠಾಣೆಯಲ್ಲಿ ಬೈಕು, ಪಂಪ್‌ಸೆಟ್ಟು, ಒಮ್ಮೆ ಒಂದು ಜೋಡಿ ಎತ್ತು ಕಳುವಾದ ದೂರು ಬಂದದ್ದುಂಟು. ಮಂಚ, ಒಲೆ, ಫ್ರಿಜ್ಜು ಸಮೇತ ಒಂದು ಮನೆಯೇ ಉರುಳಿಕೊಂಡು ಹೋದದ್ದು ಇದೇ ಮೊದಲು.

"ಎಲ್ಲಿ ನಿಲ್ಲಿಸಿದ್ರಿ?"

"ಹಿನ್ನೀರು ಕ್ಯಾಂಪಲ್ಲಿ. ನೀರಿನ ಅಂಚಿಗೇ."

ಬಾಡಿಗೆಯ ವಾಹನ. ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿಕೊಂಡು ಬರುವ ನಾಲ್ಕು ದಿನದ ಪ್ರವಾಸ. ಶರಾವತಿ ಹಿನ್ನೀರಿನ ದಂಡೆಯಲ್ಲಿ ಉಳಿಯುವುದೋ, ಅಲ್ಲಿಂದ ಎರಡು ಕಿಲೋಮೀಟರ್ ಆಚೆ ದಟ್ಟ ಕಾಡಾದ ಕಾನಿನೊಳಗಿರುವ ಕಾನುಮನೆ ಕ್ಯಾಂಪಲ್ಲೋ ಎಂದು ಹುಬ್ಬಳ್ಳಿಯಿಂದ ಸಾಗರದವರೆಗೂ ಮನೆಯವರಲ್ಲಿ ಚರ್ಚೆ ನಡೆದಿತ್ತು. ಅಜ್ಜಿಗೆ ಕಾನು ಬೇಕಿತ್ತು. ಅಲ್ಲಿ ಪೂಜೆಗೆ ಬಾವಿ ನೀರಿತ್ತು, ಮಧ್ಯಾಹ್ನಕ್ಕೆ ನೆರಳಿತ್ತು. ಮೊಮ್ಮಗಳಿಗೆ ಕಿಟಕಿ ತೆರೆದರೆ ನೀರು ಕಾಣಬೇಕಿತ್ತು. ಮೊಬೈಲಿನ ರೇಟಿಂಗಿನಲ್ಲಿ ಹೆಚ್ಚು ನಕ್ಷತ್ರವಿದ್ದ ಹಿನ್ನೀರಿನ ಕಡೆಗೆ ಅಪ್ಪ ವಾಲಿದರು.

"ಆನು ಹೇಳಿದ್ದಿ, ಕಾನಲ್ಲೇ ಉಳಿಯನ ಹೇಳಿ," ಎಂದರು ಅಜ್ಜಿ, ಕಣ್ಣು ತೆರೆಯದೆ. "ಕೇಳೋರು ಯಾರೂ ಇಲ್ಲೆ."

"ಆಯಿ, ಈಗ ಸುಮ್ನಿರು."

ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಂಪಿನ ಮಾಲೀಕ ಶ್ರೀಕರ ತನ್ನ ದೋಣಿಯಲ್ಲಿ ಎಲ್ಲರನ್ನೂ ಹಕ್ಕಿ ತೋರಿಸಲು ಕರೆದೊಯ್ದಿದ್ದ. ಅರ್ಧ ಗಂಟೆ ಎಂದು ಹೋದದ್ದು. ನಡುನೀರಿನಲ್ಲಿ ಎಂಜಿನ್ ಕೈಕೊಟ್ಟಿತು. ತಿರುಗಿ ಬರುವಾಗ 10.45. ವಾಹನ ಇರಲಿಲ್ಲ.

"ಒಳಗೆ ಬೆಲೆಬಾಳುವಂಥದ್ದು ಏನಿತ್ತು?"

ರವಿಶಂಕರ ಲ್ಯಾಪ್‌ಟಾಪ್ ಎಂದರು, ಕ್ಯಾಮೆರಾ ಎಂದರು, ಆಮೇಲೆ ತಾಯಿಯ ಕಡೆ ನೋಡಿ ತಡೆದರು.

"ದೇವರ ಪೆಟ್ಟಿಗೆ ಇದೆ ಮೇಡಂ. ಸಾಲಿಗ್ರಾಮ. ದೀಪಕ್ಕೆ ಎಣ್ಣೆ ಬಿಟ್ಟು, ಬತ್ತಿ ಇಟ್ಟು ಪೂಜೆಗೆ ಕೂತಿದ್ರು. ನಾನೇ, ಬಂದು ಮಾಡಿದ್ರಾಯ್ತು ಅಂತ ಎಬ್ಬಿಸ್ಕೊಂಡು ಹೋದೆ. ನಲವತ್ತೆರಡು ವರ್ಷದಲ್ಲಿ ಅವರು ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವರಲ್ಲ."

ವಿನಯಾ ಗಡಿಯಾರ ನೋಡಿದರು. ನೀರಿನ ಲೋಟ ಹಿಡಿದು ಬಂದ ಹೆಡ್ ಕಾನ್‌ಸ್ಟೇಬಲ್ ತೀರ್ಥೇಶ್, ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತ.

11.50ಕ್ಕೆ ಎಫ್‌ಐಆರ್ ದಾಖಲಾಯಿತು: ಭಾರತೀಯ ನ್ಯಾಯ ಸಂಹಿತೆ, ಕಲಂ 303(2), ಕಳವು. ಸುತ್ತಲಿನ ಠಾಣೆಗಳಿಗೂ ಅರಣ್ಯ ಇಲಾಖೆಯ ತಪಾಸಣಾ ಗೇಟುಗಳಿಗೂ ವಾಹನದ ನಂಬರ್ ಹೋಯಿತು.

12.40ಕ್ಕೆ ಸ್ಥಳ ಪಂಚನಾಮೆ. ಹಿನ್ನೀರು ಇಳಿಯುತ್ತಿದ್ದ ಕಾಲ. ನೀರು ಬಿಟ್ಟುಕೊಟ್ಟ ನೆಲ ಮೇಲೆ ಬಿರುಕುಬಿಟ್ಟು ಒಣಗಿತ್ತು. ತೀರ್ಥೇಶ್ ಬೂಟಿನ ಹಿಮ್ಮಡಿ ಊರಿದ. ಹಪ್ಪಳದಂಥ ಪದರ ಮುರಿದು, ಕಾಲು ಪಾದ ಮುಚ್ಚುವವರೆಗೆ ಇಳಿಯಿತು.

"ಅಯ್ಯೋ, ಒಳಗೆ ಹಿಟ್ಟು ಕಲಸಿದಂಗೆ ಐತಲ್ಲ ಮೇಡಂ!"

ಕ್ಯಾರವಾನಿನ ಹಿಂದಿನ ಚಕ್ರ ನಿಂತಿದ್ದಲ್ಲಿ ಗೇಣು ಆಳದ ಎರಡು ಗುಂಡಿ. ಅದರಲ್ಲಿ ನೀರು ಜಿನುಗಿತ್ತು. ನೀರಿನಡಿಯಲ್ಲಿ ಸೊಪ್ಪು ಸಮೇತ ಟೊಂಗೆಗಳು. ಟೊಂಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಕಿ, ಮುಂದೆ ಚಪ್ಪಟೆ ಕಲ್ಲು ಜೋಡಿಸಿ ಚಕ್ರ ಹತ್ತಿಸಲಾಗಿತ್ತು.

"ಕಳ್ಳ ಇಷ್ಟು ವ್ಯವಧಾನ ಇಟ್ಕೊಂಡು ಕೂತಿರ್ತಾನಾ?" ಎಂದರು ವಿನಯಾ.

"ಇದು ಘಾಟಿ ಡ್ರೈವರ್‌ಗಳ ಕೆಲ್ಸ ಮೇಡಂ. ಮಳೆಗಾಲದಲ್ಲಿ ಬಸ್ಸು ಹೂತ್ರೆ ಹಿಂಗೇ ಎತ್ತೋರು. ಈಗಿನ ಹುಡುಗ್ರಾಗಿದ್ರೆ ಜೆಸಿಬಿಗೆ ಫೋನ್ ಮಾಡ್ತಿದ್ರು."

ಶ್ರೀಕರ ಕೈ ಹಿಸುಕುತ್ತ ಬಂದ.

"ಕೀ ಎಲ್ಲಿತ್ತು?" ವಿನಯಾ ಕೇಳಿದರು.

"ಕೌಂಟರಿನ ಮೊಳೇಲಿ. ಗಾಡಿ ಆಚೀಚೆ ಮಾಡ್ಬೇಕಾಗ್ತದೆ ಅಂತ ಎಲ್ಲರ ಕೀನೂ ಅಲ್ಲೇ."

"ಕೌಂಟರಲ್ಲಿ ಯಾರಿದ್ರು?"

"ಯಾರೂ ಇಲ್ಲ. ನಾನು ದೋಣೀಲಿದ್ದೆ." ಅವನು ದನಿ ತಗ್ಗಿಸಿದ. "ಮೇಡಂ, ಕಾನುಮನೆ ಕ್ಯಾಂಪ್ ನಡೆಸೋ ಬಿಂದು ಮೇಲೆ ನಂಗೆ ಅನುಮಾನ. ನನ್ನಲ್ಲಿಗೆ ಬರೋರನ್ನ ಎಳ್ಕೊಳ್ಳೋಕೆ ನೋಡ್ತಾಳೆ."

"ಗಿರಾಕೀನ ಎಳೀಬಹುದು. ಗಾಡೀನೇ ಎಳೀತಾರಾ? ಈ ಕೆಸರಲ್ಲಿ ನಿಲ್ಲಿಸೋಕೆ ಯಾರು ಹೇಳಿದ್ದು?"

ಶ್ರೀಕರ ನೆಲ ನೋಡಿದ. "ಮೇಲೆ ಗಟ್ಟಿ ಜಾಗ ಇದೆ. ಆದ್ರೆ ಫೋಟೋಕ್ಕೆ ನೀರು ಬರಲ್ಲ."

ಜೀಪಿನಲ್ಲಿ ಕೂತಿದ್ದ ವಾಗ್ದೇವಿಯವರ ಹತ್ತಿರ ವಿನಯಾ ಹೋದರು. ಹಿರಿಯರ ಮುಖ ಬಾಡಿತ್ತು, ಆದರೆ ಸಿಟ್ಟಿರಲಿಲ್ಲ.

"ಅಮ್ಮ, ನಿನ್ನೆಯಿಂದ ಹೊರಗಿನವರು ಯಾರಾದ್ರೂ ಗಾಡಿ ಹತ್ರ ಬಂದಿದ್ರಾ?"

"ಸಂಜೆ ಒಬ್ಬ ಅಜ್ಜ ಬಂದಿದ್ದ. ಖಾಕಿ ಅಂಗಿ. ಇಲ್ಲಿ ನಿಲ್ಲಿಸ್ಬೇಡಿ ಸ್ವಾಮಿ, ಇದು ನೆಲ ಅಲ್ಲ, ಕೆನೆ ಅಂದ. ನಮ್ಮ ಮಾಣಿ, ಇಲ್ಲಿಗೆ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ ಅಂತ ಅವನಿಗೆ ಮೊಬೈಲ್ ತೋರಿಸ್ದ."

ರವಿಶಂಕರ ಆ ಕಡೆ ತಿರುಗಿಕೊಂಡರು.

2.15ಕ್ಕೆ ನಗರ ಎಂಬ ಕೋಟೆಯೂರಿನ ರಸ್ತೆಯ ಅರಣ್ಯ ಗೇಟಿನಿಂದ ಫೋನು ಬಂತು. ಪುಸ್ತಕದಲ್ಲಿ ನಂಬರ್ ಇತ್ತು: ಹೋದದ್ದು 10.25, ತಿರುಗಿ ಬಂದದ್ದು 11.50.

"ಹೋಗಿ ಬಂತಾ?" ವಿನಯಾ ಎರಡು ಸಲ ಕೇಳಿದರು. ಕದ್ದ ಮಾಲನ್ನು ತಿರುಗಿ ತರುವ ಕಳ್ಳ ಅವರ ಹನ್ನೊಂದು ವರ್ಷದ ನೌಕರಿಯಲ್ಲಿ ಸಿಕ್ಕಿರಲಿಲ್ಲ. "ಡ್ರೈವರ್ ಹೆಂಗಿದ್ದ?"

"ವಯಸ್ಸಾದೋರು ಮೇಡಂ, ಖಾಕಿ ಅಂಗಿ. ಹೋಗುವಾಗ ನಂಗೆ ಸಲ್ಯೂಟ್ ಹೊಡೆದ್ರು. ಬರುವಾಗ ಏನೋ ಹಾಡು ಹೇಳ್ಕೊಳ್ತಿದ್ರು."

ತೀರ್ಥೇಶ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಕನ್ನಪ್ಪಜ್ಜ. ಹೊಸನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಜೀವ. ಈಗ ಕಾನುಮನೇಲಿ ವಾಚ್‌ಮನ್."

3.10ಕ್ಕೆ ಜೀಪು ಕಾನಿನೊಳಗೆ ಇಳಿಯಿತು. ಹೆಬ್ಬಲಸಿನ ಮರಗಳ ಕೆಳಗೆ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಎಲ್ಲೋ ಕುಟುರ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಬಾವಿಯ ಪಕ್ಕದ ಗಟ್ಟಿ ನೆಲದಲ್ಲಿ ಬಿಳಿ ಕ್ಯಾರವಾನ್ ನಿಂತಿತ್ತು, ಚಕ್ರಗಳ ಕೆಸರು ತೊಳೆದು, ಹಿಂದಿನ ಗಾಲಿಗೆ ಕಲ್ಲು ಕೊಟ್ಟು. ಎದುರಿನ ಕಟ್ಟೆಯ ಮೇಲೆ ಕನ್ನಪ್ಪ ಕೂತಿದ್ದ. ಪೊಲೀಸರನ್ನು ಕಂಡು ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

ಅದೇ ಹೊತ್ತಿಗೆ ಪೇಟೆಯಿಂದ ಬಂದ ಬಿಂದು ಸ್ಕೂಟರ್ ನಿಲ್ಲಿಸಿ ಬಾಯಿ ಬಿಟ್ಟು ನಿಂತಳು. "ಕನ್ನಪ್ಪಣ್ಣಾ, ಇದೆಂತ ಮಾಡಿಟ್ಟೆ?"

"ಬೈಬೇಡ ಬಿಂದಮ್ಮ. ಬೈಯೋಕೆ ಅಂತಾನೇ ಸರ್ಕಾರದೋರು ಬಂದಿದ್ದಾರೆ."

ವಿನಯಾ ಮೊದಲು ಕ್ಯಾರವಾನಿನೊಳಗೆ ಹೋದರು. ದೇವರ ಪೆಟ್ಟಿಗೆ ಇದ್ದಲ್ಲೇ ಇತ್ತು. ಎದುರಿನ ಹಿತ್ತಾಳೆ ತಟ್ಟೆಯಲ್ಲಿ ಎರಡು ದೀಪ, ಕಂಠದ ಹತ್ತಿರದವರೆಗೆ ಎಣ್ಣೆ. ತಟ್ಟೆಯ ಮೇಲೆ ಒಂದೇ ಒಂದು ಹನಿ ಚೆಲ್ಲಿತ್ತು. ಅವರು ಮುಂದೆ ಹೋಗಿ ಕಿಲೋಮೀಟರ್ ಓದಿದರು: 28,450. ಬಾಡಿಗೆಯವರ ನಿಯಮದಂತೆ ರವಿಶಂಕರ ಹಿಂದಿನ ರಾತ್ರಿ ತೆಗೆದ ಫೋಟೋದಲ್ಲಿ 28,412.

ವಾಗ್ದೇವಿ ಬಾವಿಯಿಂದ ನೀರು ಸೇದಿಸಿಕೊಂಡು ಕೈಕಾಲು ತೊಳೆದು ಒಳಗೆ ಹೋದರು. ಹೊರಗೆ ಕಟ್ಟೆಯ ಮೇಲೆ ವಿಚಾರಣೆ ನಡೆಯಿತು.

"ಗಾಡಿ ಯಾಕೆ ತಗೊಂಡ್ರಿ?"

"ಮುಳುಗ್ತಿತ್ತು ಮೇಡಮ್ಮೋರೆ. ಬೆಳಿಗ್ಗೆ ಹೋಗಿ ನೋಡಿದೆ, ಹಿಂದಿನ ಗಾಲಿ ಗೇಣು ಇಳಿದಿತ್ತು. ಯಾರೂ ಇಲ್ಲ. ಮಧ್ಯಾಹ್ನದವರೆಗೆ ಬಿಟ್ಟಿದ್ರೆ ಅಚ್ಚೇ ಕೆಸರಿಗೆ ಕೂರ್ತಿತ್ತು. ಎತ್ತಿದೆ."

"ಮೇಲಿನ ಗಟ್ಟಿ ಜಾಗದಲ್ಲಿ ನಿಲ್ಲಿಸಿ ಸುಮ್ನಿರಬಹುದಿತ್ತಲ್ಲ?"

ಕನ್ನಪ್ಪ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಅಲ್ಲಿಂದ ಇಲ್ಲಿಗೆ ಎರಡು ಕಿಲೋಮೀಟರ್. ಗಾಡಿ ಓಡಿದ್ದು ಮೂವತ್ತೆಂಟು. ಉಳಿದ ಮೂವತ್ತಾರು ಎಲ್ಲಿಗೆ ಹೋಯ್ತು, ಅಜ್ಜ?"

ಕನ್ನಪ್ಪ ಅಂಗೈಗಳನ್ನು ಮೊಣಕಾಲಿನ ಮೇಲೆ ಮಗುಚಿಟ್ಟು ಕೂತ.

"ನಗರದವರೆಗೆ ಹೋಗಿ ಬಂದೆ. ರಸ್ತೆಗೆ ಹತ್ತಿಸಿದ್ಮೇಲೆ ಎಡಕ್ಕೆ ತಿರುಗಿಸ್ಬೇಕಿತ್ತು. ಕೈ ಬಲಕ್ಕೆ ತಿರುಗಿಸ್ತು. ಕಣ್ಣಿನ ಪೊರೆ ಅಂತ ಎಂಟು ವರ್ಷದ ಹಿಂದೆ ಲೈಸೆನ್ಸ್ ರಿನೀವಲ್ ಆಗ್ಲಿಲ್ಲ. ಆಪರೇಷನ್ ಆಯ್ತು, ಸೂಜಿಗೆ ದಾರ ಪೋಣಿಸ್ತೀನಿ. ಆದ್ರೂ ಸ್ಟೇರಿಂಗ್ ಯಾರು ಕೊಡ್ತಾರೆ? ಕೋಟೆ ಹತ್ರ ಬಸ್ಸು ತಿರುಗಿಸೋ ಜಾಗ ಹಂಗೇ ಇದೆ. ತಿರುಗಿಸ್ದೆ. ಒಂದು ಹಾರನ್ನೂ ಹೊಡ್ದೆ." ತಡೆದು ಸೇರಿಸಿದ: "ಹಿಂದೆ ದೇವ್ರು ಕೂತಿದ್ದಾರೆ ಅಂತ ಕನ್ನಡೀಲಿ ಕಂಡದ್ದು ಆಮೇಲೆ. ಬರುವಾಗ ತಿರುವಲ್ಲಿ ಭಾರೀ ನಿಧಾನ ಬಂದೆ."

"ಬಂದ್ಮೇಲೆ ಯಾಕೆ ತಿಳಿಸ್ಲಿಲ್ಲ?"

"ಎಲ್ಲಿಗೆ ಹೋಗಿದ್ದೆ ಅಂತ ಕೇಳ್ತಾರಲ್ಲ. ಎಪ್ಪತ್ತೆರಡು ವರ್ಷದವನು ಅದನ್ನ ಹೆಂಗೆ ಹೇಳ್ಲಿ?"

ಒಳಗೆ ಪೂಜೆಯ ಗಂಟೆ ಮೊಳಗಿತು. ಅದು ನಿಲ್ಲುವವರೆಗೆ ತೀರ್ಥೇಶನ ಪೆನ್ನೂ ನಿಂತಿತು. ಸ್ವಲ್ಪ ಹೊತ್ತಿಗೆ ವಾಗ್ದೇವಿ ತೀರ್ಥದ ಬಟ್ಟಲು ಹಿಡಿದು ಇಳಿದು ಬಂದರು. ಮೊಮ್ಮಗಳು ಕೈ ಚಾಚಿದಳು. ಅಜ್ಜಿ ಅವಳನ್ನು ದಾಟಿ ಕನ್ನಪ್ಪನ ಎದುರು ನಿಂತರು.

"ಕೈ ಒಡ್ಡು. ನಮ್ಮನೆ ದೇವರನ್ನ ನಾನು ಎಲ್ಲಿಗೂ ಮೆರವಣಿಗೆ ಕರ್ಕೊಂಡು ಹೋದವಳಲ್ಲ. ನಿನ್ನಿಂದ ಅದೂ ಒಂದು ಆಯ್ತು."

ಕನ್ನಪ್ಪ ತೀರ್ಥ ತೆಗೆದುಕೊಂಡು ಆ ಕೈಯನ್ನೇ ಕಣ್ಣಿಗೊತ್ತಿಕೊಂಡ. ಎಲ್ಲರಿಗೂ ಕೊಟ್ಟ ಮೇಲೆ ಕೊನೆಗೆ ಅಜ್ಜಿ ತಾವೂ ಕುಡಿದರು, ನಿಧಾನವಾಗಿ, ಆ ದಿನದ ಮೊದಲ ಗುಟುಕು.

"ದೂರು ವಾಪಸ್ ತಗೊಳ್ತೀನಿ ಮೇಡಂ," ಎಂದರು ರವಿಶಂಕರ.

"ಎಫ್‌ಐಆರ್ ಆಗಿದೆ ಸರ್. ತಪ್ಪೂ ಆಗಿದೆ. ಆದ್ರೆ ಯಾವ ತಪ್ಪು ಅಂತ ಸರಿಯಾಗಿ ಬರೀತೀನಿ."

4.30ಕ್ಕೆ ಕನ್ನಪ್ಪನನ್ನು ದಸ್ತಗಿರಿ ಮಾಡಲಾಯಿತು. ಕಳವಿನ ಕಲಂ ಕೈಬಿಟ್ಟು, ಮಾಲೀಕರ ಒಪ್ಪಿಗೆ ಇಲ್ಲದೆ ವಾಹನ ಒಯ್ದದ್ದಕ್ಕೆ ಮತ್ತು ಪರವಾನಗಿ ಇಲ್ಲದೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಕಲಂಗಳನ್ನು ಅಳವಡಿಸಲು ನ್ಯಾಯಾಲಯಕ್ಕೆ ಕೋರಿಕೆ ಬರೆಯಲಾಯಿತು. ಬಿಂದು ಜಾಮೀನು ನಿಂತಳು. ರವಿಶಂಕರ ಆ ರಾತ್ರಿಗೆ ಅಲ್ಲೇ ಕಾನಿನಲ್ಲಿ ಜಾಗ ಕೇಳಿದರು. ಸಿಂಚನಾ ತಕರಾರು ತೆಗೆಯಲಿಲ್ಲ.

ಸಂಜೆ ಠಾಣೆಯಲ್ಲಿ ವಿನಯಾ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ ಎರಡು ಸಲ ಬರೆದು ಹೊಡೆದುಹಾಕಿ, ಮೂರನೆಯ ಸಲ ಸ್ಪಷ್ಟವಾದ ಅಕ್ಷರದಲ್ಲಿ ಬರೆದರು: ಆರೋಪಿಯು ಎರಡು ಕಿಲೋಮೀಟರ್ ಸದರಿ ವಾಹನದ ರಕ್ಷಣೆಗಾಗಿಯೂ, ಉಳಿದ ಮೂವತ್ತಾರು ಕಿಲೋಮೀಟರ್ ತನ್ನ ಸಂತೋಷಕ್ಕಾಗಿಯೂ ಚಲಾಯಿಸಿರುವುದು ತನಿಖೆಯಿಂದ ಕಂಡುಬಂದಿದೆ.