ರೋಡ್ ಫಸ್ಟೋ, ಫುಟ್‌ಪಾತ್ ಫಸ್ಟೋ

“ಪೈಪ್ ಮುಂದಿನ ರೋಡಿಗೇ ಹಾಕಿ. ಕಾರು ಹೊರಗೆ ಬರ್ಬೇಕಲ್ಲ,” ಎಂದರು ಮೂರನೇ ಮಹಡಿಯ ಇಮ್ತಿಯಾಜ್ ಅಂಕಲ್.

ಗಲ್ಫಿನ ಕರಾಮ ಬಡಾವಣೆಯ ಆ ಹಳೆಯ ಕಟ್ಟಡದ ಸುತ್ತ ಎರಡು ದಿನದಿಂದ ಮಳೆನೀರು ನಿಂತಿತ್ತು. ಮುಂದೆ ಕಾರು ನಿಲ್ಲಿಸುವ ರಸ್ತೆಯಲ್ಲೂ ನೀರು, ಹಿಂಬಾಗಿಲಿನಿಂದ ಮೆಟ್ರೊಗೆ ಹೋಗುವ ಫುಟ್‌ಪಾತಿನಲ್ಲೂ ನೀರು. ಅಂತೂ ಇಂತೂ ನೀರು ಎಳೆಯುವ ಟ್ಯಾಂಕರ್ ಬಂದಿತ್ತು. ಆದರೆ ಇರುವುದು ಒಂದೇ ಪೈಪ್, ಒಂದೇ ಗಂಟೆ. ಆಮೇಲೆ ಪಕ್ಕದ ಗಲ್ಲಿಗೆ ಹೋದರೆ ಮತ್ತೆ ಬರುವುದು ನಾಳೆಯೇ.

ಐದನೇ ಕ್ಲಾಸಿನ ಸ್ವೀಡಲ್ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಮಳೆಯಿಂದಾಗಿ ಅವಳ ಶಾಲೆ ಆನ್‌ಲೈನ್ ಆಗಿತ್ತು. ಮಮ್ಮಿ ನರ್ಸ್. ಆಸ್ಪತ್ರೆ ಆನ್‌ಲೈನ್ ಆಗುವುದುಂಟೆ? ನಿನ್ನೆ ನೀರಿನಲ್ಲಿ ಡ್ಯೂಟಿಗೆ ಹೊರಟ ಮಮ್ಮಿ ಕಾಣದ ಹೊಂಡಕ್ಕೆ ಕಾಲಿಟ್ಟು ಬಿದ್ದಿದ್ದಳು. ಮೊಣಕಾಲಿಗೆ ಬ್ಯಾಂಡೇಜ್ ಬಂದಿತ್ತು. ಇವತ್ತೂ ಸಂಜೆ ಐದೂವರೆಗೆ ಹೊರಡಬೇಕು. ಇನ್ನೊಮ್ಮೆ ಬಿದ್ದರೆ?

“ರೋಡ್ ಫಸ್ಟ್ ಅನ್ನುವವರು ಕೈ ಎತ್ತಿ,” ಎಂದರು ಇಮ್ತಿಯಾಜ್ ಅಂಕಲ್.

ಏಳು ಕೈಗಳು ಮೇಲೆದ್ದವು. ಕೆಲವು ಕೈಗಳಲ್ಲಿ ಕಾರಿನ ಕೀ ಕೂಡ ಇತ್ತು.

“ಫುಟ್‌ಪಾತ್?”

ಸ್ವೀಡಲ್ ಒಬ್ಬಳೇ ಕೈ ಎತ್ತಿದಳು. ನಡೆಯುವವರೆಲ್ಲ ನೀರಿನಲ್ಲಿ ನಡೆದುಕೊಂಡೇ ಕೆಲಸಕ್ಕೆ ಹೋಗಿಯಾಗಿತ್ತು. ಕೈ ಎತ್ತಲು ಅವರು ಇಲ್ಲಿದ್ದರೆ ತಾನೇ?

“ನಡ್ಕೊಂಡು ಹೋಗುವವರು ಎಷ್ಟು ಜನ ಇದ್ದಾರೆ ಮಗಾ?” ಅಂಕಲ್ ನಕ್ಕರು.

“ಅಂಕಲ್, ಟೂ ಮಿನಿಟ್ಸ್,” ಎಂದವಳೇ ಸ್ವೀಡಲ್ ಮೇಲಕ್ಕೆ ಓಡಿದಳು.

ಆ ಕಟ್ಟಡದಲ್ಲಿ ಎಲ್ಲರೂ ಚಪ್ಪಲಿ, ಶೂ ಬಿಡುವುದು ಬಾಗಿಲ ಹೊರಗೇ. ಒಂದೊಂದು ಮನೆಯವರು ನಿನ್ನೆ ಒದ್ದೆಯಾದ ಶೂಗಳಿಗೆ ಪೇಪರ್ ತುರುಕಿ ಸಾಲಾಗಿ ಒಣಗಲು ಇಟ್ಟಿದ್ದರು. ಸ್ವೀಡಲ್ ಮುಟ್ಟಿ ಮುಟ್ಟಿ ಎಣಿಸಿದಳು. ಏದುಸಿರು ಬಿಡುತ್ತಾ ಕೆಳಗೆ ಬಂದಳು.

“ಒದ್ದೆಯಾದದ್ದು ಫಾರ್ಟಿ ಒನ್ ಜೋಡಿ ಉಂಟು. ಕಾರು ಇರುದು ಇಲೆವೆನ್. ನಿಮ್ಮ ಬಾಗಿಲಲ್ಲೂ ಒಂದು ಜೋಡಿ ಉಂಟು ಅಂಕಲ್.”

“ನಮ್ಮದಾ? ನಾನು ನೀರಿಗೆ ಇಳೀಲೇ ಇಲ್ಲ.”

“ಅದು ನಿಮ್ಮ ಮನೆಯವರದ್ದು ಸಾರ್,” ಎಂದರು ವಾಚ್‌ಮನ್ ಅಲಿಕುಂಞಿ. “ಎರಡು ದಿನದಿಂದ ಹಾಲು, ಖುಬೂಸ್ ತರ್ಲಿಕ್ಕೆ ಹಿಂದಿನಿಂದಲೇ ಹೋಗ್ತಾರೆ. ನಿಮ್ಗೆ ಹೇಳ್ಲಿಲ್ವಾ?”

ಇಮ್ತಿಯಾಜ್ ಅಂಕಲ್ ತಲೆ ಕೆರೆದುಕೊಂಡರು. ಎರಡು ದಿನವೂ ಬೆಳಿಗ್ಗೆ ಅದೇ ಖುಬೂಸ್ ರೊಟ್ಟಿ ತಿಂದಿದ್ದರು. ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ.

“ಯಲ್ಲಾ ಭಾಯ್, ಜಲ್ದಿ ಬೋಲೊ,” ಎಂದು ಟ್ಯಾಂಕರಿನ ಡ್ರೈವರ್ ಅವಸರಪಡಿಸಿದ.

“ಹಿಂದೆ ಹಾಕುವ,” ಎಂದರು ಅಂಕಲ್. ಪ್ಯಾಂಟ್ ಮಡಚಿ, ಪೈಪಿನ ಒಂದು ತುದಿಗೆ ತಾವೇ ಹೆಗಲು ಕೊಟ್ಟರು. ಉಳಿದವರ ಕಾರಿನ ಕೀಗಳು ಒಂದೊಂದಾಗಿ ಜೇಬಿಗೆ ಹೋದವು.

ಐದೂವರೆಗೆ ಮಮ್ಮಿ ಕುಂಟುತ್ತಾ ಕೆಳಗೆ ಬಂದಾಗ ಫುಟ್‌ಪಾತಿನ ಕಲ್ಲುಗಳು ಕಾಣುತ್ತಿದ್ದವು. ಅಲಿಕುಂಞಿ ನಡೆದದ್ದನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳಿದರು. ಮಮ್ಮಿ ಸ್ವೀಡಲ್‌ಳ ತಲೆಯ ಮೇಲೆ ಕೈ ಇಟ್ಟು, “ನನ್ನ ಮಗಳು,” ಎಂದಳು. ಅಷ್ಟಕ್ಕೇ ಸ್ವೀಡಲ್‌ಗೆ ತಾನು ಒಂದು ಅಡಿ ಎತ್ತರವಾದ ಹಾಗೆ ಅನಿಸಿತು.

ಅಷ್ಟರಲ್ಲಿ ಇಮ್ತಿಯಾಜ್ ಅಂಕಲ್ ಹಿಂಬಾಗಿಲಿಗೆ ಬಂದರು. “ಸಿಸ್ಟರ್, ಕಾರು ಹೊರಗೆ ಬರುದಿಲ್ಲ, ನಂಗೂ ನನ್ನ ಅಂಗಡಿಗೆ ಹೋಗ್ಲಿಕ್ಕುಂಟು. ಈ ಮೆಟ್ರೊಗೆ ಎಲ್ಲಿಂದ ಹೋಗುದು?”

ಹನ್ನೆರಡು ವರ್ಷ ಕರಾಮದಲ್ಲಿದ್ದವರ ಪ್ರಶ್ನೆ ಅದು. ಸ್ವೀಡಲ್‌ಗೆ ನಗು ಬಂತು. ಆದರೆ ಆಗ ಅವರು ನಕ್ಕಾಗ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಪಾಪ, ಅವರು ಈ ಬಾಗಿಲಿನಿಂದ ಒಮ್ಮೆಯೂ ಹೊರಗೆ ಬಂದಿರಲಿಲ್ಲ, ಅಷ್ಟೆ.

“ಬನ್ನಿ, ನಾನು ತೋರಿಸ್ತೇನೆ,” ಎಂದು ಮಮ್ಮಿ ಮುಂದೆ ನಡೆದಳು.