ಕೊಂಬೆ ಖಾಲಿಯಾಗುವ ಮುನ್ನ

“ನಿಮ್ಮ ಕ್ಯಾಮೆರಾ ಬಾಯಿ ಮುಚ್ಚಿಸೋಕೆ ಆಗಲ್ವೇನ್ರೀ?”

ಕೆರೆಯ ದಂಡೆಯಲ್ಲಿ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ಮಿಂಚುಳ್ಳಿ ಒಣಕೊಂಬೆಯ ಮೇಲೆ ಬಂದು ಕೂತಿತ್ತು. ಅವಳು ಉಸಿರು ಬಿಗಿಹಿಡಿದು ಬಟನ್ ಒತ್ತಬೇಕು ಎನ್ನುವಷ್ಟರಲ್ಲಿ ಪಕ್ಕದ ಬೆಂಚಿನಿಂದ ‘ಬೀಪ್’ ಎಂದಿತು. ನೀರಿನ ಮೇಲೊಂದು ನೀಲಿ ಗೆರೆ ಹಾದುಹೋಯಿತು, ಅಷ್ಟೆ.

“ಸಾರಿ. ನಮ್ಮ ಮಾವನ ಕಾಲದ ಕ್ಯಾಮೆರಾ, ಮೆನು ಬಟನ್ನೇ ಕಿತ್ತೋಗಿದೆ,” ಎಂದು ಅವನು ಎದ್ದು ನಿಂತ. “ಅಲ್ದೆ ಬಾಯಿ ಮುಚ್ಚಿಸಿ ನನಗೆ ಅಭ್ಯಾಸ ಇಲ್ಲ. ಬಾಯಿ ತೆಗೆಸೋದೇ ನನ್ನ ಕೆಲಸ. ಹಲ್ಲಿನ ಡಾಕ್ಟರು.”

ಅವಳಿಗೆ ನಗು ಬಂತು. ಕೋಪ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ಮುಂದಿನ ಭಾನುವಾರ ಆ ಕ್ಯಾಮೆರಾ ಸದ್ದು ಮಾಡಲಿಲ್ಲ. ಸ್ಪೀಕರಿನ ತೂತಿಗೆ ಹತ್ತಿ ಒತ್ತಿ, ಮೇಲೆ ಬಿಳಿ ಟೇಪು ಸುತ್ತಿದ್ದ.

“ಹಲ್ಲು ಕಿತ್ತ ಮೇಲೆ ಇಡೋ ಹತ್ತಿ,” ಎಂದ. “ಇನ್ನು ಇದು ಮಾತಾಡಲ್ಲ.”

ಅವಳ ಕ್ಯಾಮೆರಾಕ್ಕೆ ಬೇರೆ ಕಾಯಿಲೆಯಿತ್ತು. ಭಾವ ಹೊಸದು ಕೊಂಡಾಗ ಬೀರುವಿನಲ್ಲಿ ಬಿಟ್ಟುಹೋದ ಡಿಜಿಟಲ್ ಕ್ಯಾಮೆರಾ ಅದು. ಬಟನ್ ಒತ್ತಿದ ಮೇಲೆ ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ಕ್ಲಿಕ್ ಎನ್ನುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ಹಾಗಾಗಿ ಅವಳ ಬಳಿ ಇದ್ದದ್ದೆಲ್ಲ ಖಾಲಿ ಕೊಂಬೆಗಳ ಫೋಟೋಗಳೇ. ಯಾರಿಗಾದರೂ ತೋರಿಸಲು ನಾಚಿಕೆ.

ಅವನು ಕೇಳಿ ತೆಗೆದುಕೊಂಡು ನೋಡಿದ. ಪುಟ್ಟ ಸ್ಕ್ರೀನಿಗೆ ಅಂಗೈಯ ನೆರಳು ಹಿಡಿದು ಒಂದೊಂದನ್ನೂ ನಿಧಾನವಾಗಿ ನೋಡಿದ. ನಗಲಿಲ್ಲ.

“ಇಲ್ಲಿ ಯಾವ ಹಕ್ಕಿ ಇತ್ತು?”

“ಮರಕುಟಿಗ.”

“ಇಲ್ಲಿ?”

“ಬಕ. ಮೀನು ನುಂಗ್ತಿತ್ತು.”

“ಚೆನ್ನಾಗಿತ್ತಾ?”

“ತುಂಬಾ.”

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಇತರರ ಕಣ್ಣು ಪರೀಕ್ಷೆ ಮಾಡುವವಳಿಗೆ, ತಾನು ಕಂಡದ್ದೇನು ಎಂದು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

“ಸ್ಕ್ರೀನ್ ನೋಡಬೇಡಿ, ಹಕ್ಕಿ ನೋಡಿ,” ಎಂದು ಹೇಳಿಕೊಟ್ಟವನೂ ಅವನೇ. “ಹಾರೋ ಮೊದಲು ಅದು ಮೈ ಬಗ್ಗಿಸುತ್ತೆ, ಕತ್ತು ಮುಂದಕ್ಕೆ ಚಾಚುತ್ತೆ, ಕೆಲವು ಹಿಕ್ಕೇನೂ ಹಾಕ್ತವೆ. ಆಗಲೇ ಒತ್ತಿಬಿಡಿ. ಹಾರಿದ ಮೇಲೆ ಒತ್ತಿದ್ರೆ ಕೊಂಬೆ ಒಂದೇ ಸಿಗೋದು.”

ಮನೆಯಲ್ಲಿ ಅಕ್ಕ ಬಿಡುವವಳಲ್ಲ.

“ಏನೇ, ಚಳಿಗಾಲ ಬಂದ್ರೂ ಹಕ್ಕಿ ಸಿಗ್ಲಿಲ್ವಾ?”

“ಎರಡು ಸಿಕ್ಕಿದೆ ಅಕ್ಕಾ. ತೋರಿಸ್ಲಾ?”

“ಆ ಹಕ್ಕಿ ಯಾರಿಗೆ ಬೇಕು? ನಾನು ಕೇಳಿದ್ದು ಹಲ್ಲಿನ ಹಕ್ಕಿ. ಊರವರ ಬಾಯೆಲ್ಲ ತೆಗೆಸ್ತಾನೆ, ತನ್ನ ಬಾಯಿ ಮಾತ್ರ ತೆಗೆಯಲ್ಲ.”

ಅಕ್ಕನ ಅವಸರಕ್ಕೂ ಕಾರಣವಿತ್ತು. ತಂಗಿ ಕೆಲಸ ಮಾಡುವ ಕನ್ನಡಕದ ಅಂಗಡಿಯ ಯಜಮಾನಿ ದೂರದ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಿದ್ದಳು. ನಡೆಸುವುದು ನೀನೇ, ಸೋಮವಾರ ಉತ್ತರ ಹೇಳು ಎಂದಿದ್ದಳು. ಉತ್ತರ ಅವಳ ಮನಸ್ಸಿನಲ್ಲಿ ಸಿದ್ಧವಾಗಿಯೇ ಇತ್ತು, ಹೋಗುತ್ತಾಳೆ. ಇಷ್ಟು ವರ್ಷ ಬೇರೆಯವರ ಕೌಂಟರಿನ ಹಿಂದೆ ನಿಂತವಳು ಆ ಹೊಸ ಅಂಗಡಿಯನ್ನು ಕೈಬಿಡುವುದುಂಟೇ? ಒಬ್ಬಳೇ ಹೋಗಬೇಕೇ ಎನ್ನುವುದೊಂದೇ ತಿಳಿಯದು.

ಆ ಭಾನುವಾರ ವಿಪರೀತ ಚಳಿ. ಅವಳ ಕ್ಯಾಮೆರಾ ಒಮ್ಮೆ ಮಿನುಗಿ ಸತ್ತುಹೋಯಿತು.

“ಬ್ಯಾಟರಿ ಕೊಡಿ,” ಎಂದು ಅವನು ಅಂಗೈ ಚಾಚಿದ. ಅದನ್ನು ಸ್ವೆಟರಿನೊಳಗಿನ ಅಂಗಿಯ ಜೇಬಿಗೆ ಇಳಿಬಿಟ್ಟುಕೊಂಡ. “ಹಳೇ ಬ್ಯಾಟರಿ. ಸ್ವಲ್ಪ ಬೆಚ್ಚಗಾದ್ರೆ ಎದ್ದುಕೊಳ್ಳುತ್ತೆ.”

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅವಳು ಹೊಸ ಅಂಗಡಿಯ ವಿಷಯ ಹೇಳಿದಳು. ನಾಳೆ ಒಪ್ಪಿಕೊಳ್ಳುತ್ತೇನೆ ಎಂದೂ ಹೇಳಿದಳು.

“ಒಳ್ಳೇದಾಯ್ತು. ನಿಮಗೆ ಸಿಗಲೇಬೇಕಾಗಿದ್ದು,” ಎಂದ. ಮನಸಾರೆ ಹೇಳಿದ ಮಾತು. ಆದರೆ ಕಣ್ಣು ನೀರಿನ ಕಡೆಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಬ್ಯಾಟರಿ ತೆಗೆದುಕೊಟ್ಟ. ಅವನ ಎದೆಯ ಬಿಸಿ ಅದರಲ್ಲಿ ಇನ್ನೂ ಇತ್ತು. ಅವಳು ಅದನ್ನು ಕೂಡಲೇ ಕ್ಯಾಮೆರಾಕ್ಕೆ ಹಾಕದೆ ಮುಷ್ಟಿಯಲ್ಲಿ ಒಂದು ಗಳಿಗೆ ಹಿಡಿದುಕೊಂಡಳು. ಹಾಕಿದಾಗ ಕ್ಯಾಮೆರಾ ಎದ್ದಿತು.

ಕೊಂಬೆಯ ಕಡೆ ಗುರಿಯಿಟ್ಟು ಕೂತವಳಿಗೆ ಪಕ್ಕದಲ್ಲಿ ಏನೋ ಅಲುಗಿದಂತಾಯಿತು. ತಿರುಗಿ ನೋಡಿದಳು. ಅವನು ಬೆನ್ನು ಬಗ್ಗಿಸಿದ್ದ. ಕತ್ತು ಮುಂದಕ್ಕೆ ಬಂದಿತ್ತು. ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. ತುಟಿ ತೆರೆಯಿತು. ಇದನ್ನು ಅವಳು ಹಿಂದೆಯೂ ಕಂಡಿದ್ದಳು. ಪ್ರತಿಸಲವೂ ‘ಇವತ್ತು ಬೆಳಕು ಚೆನ್ನಾಗಿದೆ’ ಎಂದು ಮುಗಿಸಿ ಎದ್ದುಬಿಡುತ್ತಿದ್ದ.

“ಹೂಂ,” ಎಂದಳು ಅವಳು.

ಅವನು ತಬ್ಬಿಬ್ಬಾದ. “ಏನು ಹೂಂ? ನಾನಿನ್ನೂ ಏನೂ ಕೇಳಿಲ್ವಲ್ಲ.”

“ನೀವು ಕೇಳೋವರೆಗೆ ಕಾದ್ರೆ ನನಗೆ ಸಿಗೋದು ಖಾಲಿ ಬೆಂಚೇ. ನೀವೇ ಕಲಿಸಿದ್ದಲ್ವಾ ಡಾಕ್ಟ್ರೇ, ಮೊದಲೇ ಒತ್ತಿಬಿಡಿ ಅಂತ?”

ಅವನ ಕಿವಿಯ ತುದಿಯಿಂದ ಹಿಡಿದು ಕತ್ತಿನವರೆಗೂ ಕೆಂಪೇರಿತು. ಅವಳು ಕಣ್ಣು ತೆಗೆಯದೆ ಅದನ್ನೇ ನೋಡಿದಳು.

“ಏನು ಕೇಳ್ತೀನಿ ಅಂತ ಗೊತ್ತಾ?”

“ಗೊತ್ತು. ಆದ್ರೂ ಕೇಳಿ. ನನಗೂ ಕೇಳಿಸ್ಕೊಳ್ಳೋ ಆಸೆ ಇದೆ.”

ಕೇಳಿದ. ಮೆಲ್ಲಗೆ, ಮಧ್ಯೆ ಒಮ್ಮೆ ತಡವರಿಸಿ, ಪೂರ್ತಿ ಕೇಳಿದ. ಅವಳು ಇನ್ನೊಮ್ಮೆ ಹೂಂ ಎಂದಳು.

“ಮತ್ತೆ ನಿಮ್ಮ ಕ್ಲಿನಿಕ್ಕು?” ಅವಳೇ ಕೇಳಿದಳು. “ನಾನು ಅಲ್ಲಿಗೆ ಹೋಗೋದು ಹೋಗೋದೇ.”

“ಯಾಕೆ, ಆ ಊರವರಿಗೆ ಹಲ್ಲು ನೋಯಲ್ವಾ?”

ಅವಳು ಜೋರಾಗಿ ನಕ್ಕಳು. ನಗುವಿನಲ್ಲಿ ಬೆರಳು ಬಟನ್ನಿನ ಮೇಲೆ ಬಿತ್ತೇನೋ. ಕ್ಯಾಮೆರಾ ಒಂದು ಕ್ಷಣ ಯೋಚಿಸಿ ಕ್ಲಿಕ್ ಎಂದಿತು. ಅವನು ಬಗ್ಗಿ ಸ್ಕ್ರೀನಿಗೆ ಅಂಗೈಯ ನೆರಳು ಹಿಡಿದ. ಒಣಕೊಂಬೆ ಇನ್ನೂ ತೂಗುತ್ತಿದ್ದಂತೆ ಮಸುಕಾಗಿತ್ತು. ಮೇಲೆ ಏನೂ ಇರಲಿಲ್ಲ.

“ಇಲ್ಲಿ ಯಾವ ಹಕ್ಕಿ ಇತ್ತು?”

“ಗೊತ್ತಿಲ್ಲ,” ಎಂದಳು. “ನಾನು ಈ ಕಡೆ ನೋಡ್ತಿದ್ದೆ.”