ಸಾವಿನ ಏಣಿಯ ಬಟ್ಟೆ

ಸೋಮವಾರ ಬೆಳಿಗ್ಗೆ ಶಾಮಿಯಾನದವರು ಬಂದು ಕುರ್ಚಿಗಳನ್ನು ಲಾರಿಗೆ ತುಂಬಿದರು. ಗಂಡನನ್ನು ಮಣ್ಣು ಮಾಡಿದ್ದು ಶನಿವಾರ. ಭಾನುವಾರದ ಪ್ರಾರ್ಥನೆಯೂ ಮುಗಿದಿತ್ತು. ನೆಂಟರು ಹೊರಟುಹೋಗಿದ್ದರು. ಪೊಕುವಾ ಕರಿಬಟ್ಟೆ ಉಟ್ಟು, ಜೋಳದ ಗಂಜಿಯ ಲೋಟ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ಗಂಜಿ ಆರಿತ್ತು. ಕುಡಿಯಬೇಕೆಂದೂ ಅನ್ನಿಸಲಿಲ್ಲ, ಚೆಲ್ಲಬೇಕೆಂದೂ ಅನ್ನಿಸಲಿಲ್ಲ.

ಊರವರೆಲ್ಲ ಮಾಮೆ, ಅಂದರೆ ಅಮ್ಮ, ಎಂದು ಕರೆಯುವ ಬಿರಾಗೊ ಬಂದಳು. ಕುಮಾಸಿ ಪಟ್ಟಣದ ಅಡುಮ್ ಪೇಟೆಯಲ್ಲಿ ಅವಳದು ದೊಡ್ಡ ಬಟ್ಟೆ ಅಂಗಡಿ. ಅದರ ವೆಬ್‌ಸೈಟ್ ಮಾಡಿಕೊಟ್ಟವನು ಪೊಕುವಾಳ ಗಂಡ ಒಟೆಂಗ್. ಶನಿವಾರ ಎಲ್ಲರಿಗಿಂತ ಜೋರಾಗಿ ಅತ್ತವಳು ಇವಳೇ. ಇವತ್ತು ಕೂರಲೂ ಇಲ್ಲ.

"ನಿನ್ನ ಗಂಡ ನನ್ನ ಮನೆ ಮುಳುಗಿಸಿ ಹೋದ." ಫೋನನ್ನು ಪೊಕುವಾಳ ಮುಖಕ್ಕೆ ಹಿಡಿದಳು. "ನೋಡು. ಪುಟ ನನ್ನದು, ಹೆಸರು ನನ್ನದು. ಆರ್ಡರ್ ಕೊಡೋ ನಂಬರ್ ಮಾತ್ರ ನನ್ನದಲ್ಲ! ಗಿರಾಕಿಗಳು ಯಾರಿಗೋ ಫೋನ್ ಮಾಡಿ ಯಾರದೋ ಬಟ್ಟೆ ತಗೊಂಡಿದಾರೆ. ನಿನ್ನೆ ಚರ್ಚಿನಲ್ಲಿ ಒಬ್ಬಳು, 'ಮಾಮೆ, ನಿಮ್ಮ ಬಟ್ಟೆ ಒಂದೇ ಒಗೆತಕ್ಕೆ ಬಣ್ಣ ಬಿಡ್ತು' ಅಂದಳು. ನನ್ನ ಬಟ್ಟೆ! ಬಣ್ಣ ಬಿಡೋದು!"

"ಒಟೆಂಗ್ ಅಂಥವರಲ್ಲ, ಮಾಮೆ."

"ಪಾಸ್‌ವರ್ಡ್ ಗೊತ್ತಿದ್ದದ್ದು ಅವನಿಗೊಬ್ಬನಿಗೆ. ಆಸ್ಪತ್ರೆ ಸೇರೋ ಮುಂಚೆಯೇ ಮಾಡಿಟ್ಟಿದಾನೆ. ನಲವತ್ತನೇ ದಿನಕ್ಕೆ ನಿಮ್ಮ ಕುಟುಂಬ ಸೇರುತ್ತಲ್ಲ, ಅಲ್ಲೇ ಎದ್ದು ಹೇಳ್ತೀನಿ."

ಅಲ್ಲಿ ಆ ಮಾತು ಬಿದ್ದರೆ ಮುಗಿಯಿತು. ಒಟೆಂಗನ ಹೆಸರನ್ನು ಆ ಕುಟುಂಬದಲ್ಲಿ ಮುಂದೆ ಯಾರೂ ಮಗುವಿಗೆ ಇಡುವುದಿಲ್ಲ.

"ಸಂಜೆ ತನಕ ತಡೀರಿ. ನಾನೇ ಅಂಗಡಿಗೆ ಬರ್ತೀನಿ."

"ಕರಿಬಟ್ಟೆ ಉಟ್ಕೊಂಡು ಅಂಗಡಿಗಾ?"

"ಈ ವರ್ಷ ನನಗೆ ಬೇರೆ ಬಟ್ಟೆ ಇಲ್ಲ, ಮಾಮೆ."

*

ಪೊಕುವಾ ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಹುಡುಗಿಯ ದನಿ. "ಯಾವ ಬಟ್ಟೆ ಬೇಕಿತ್ತು?"

"ನಿಮ್ಮ ಅಂಗಡಿ ಎಲ್ಲಿ?"

ಫೋನ್ ಕಟ್ಟಾಯಿತು.

ಒಟೆಂಗನ ಕೆಲಸದ ಒಳಹೊರಗು ಬಲ್ಲವನು ಒಬ್ಬನೇ ಇದ್ದ. ಕೊಬಿನಾ. ಮೊದಲು ಇಬ್ಬರೂ ಜೊತೆಯಲ್ಲೇ ವೆಬ್‌ಸೈಟ್ ಮಾಡುತ್ತಿದ್ದರು. ಆಮೇಲೆ ಜಗಳವಾಡಿ ಬೇರೆಯಾಗಿದ್ದರು. ಟೈರ್ ಅಂಗಡಿಯ ಮಹಡಿಯಲ್ಲಿ ಅವನ ಕೋಣೆ. ಅವಳನ್ನು ಕಂಡೊಡನೆ ಟೋಪಿ ತೆಗೆದ.

"ನೀವಾ ಇದನ್ನ ಮಾಡಿದ್ದು?" ಫೋನ್ ಮುಂದೆ ಹಿಡಿದಳು. ಸುತ್ತಿ ಬಳಸಿ ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಕೊಬಿನಾ ಪುಟ ನೋಡಿದ. ಬೇಸರದಿಂದ ನಕ್ಕ. "ನಾನು ಸೋಮಾರಿ, ತಂಗಿ. ಕುರುಡ ಅಲ್ಲ. ಇದು ಯಂತ್ರ ಕಟ್ಟಿದ ಪುಟ. ಈಗ ಎಲ್ಲ ಹೀಗೇ. ಫೋಟೊ ಸುರಿದು, ಬಟ್ಟೆ ಅಂಗಡಿಗೆ ಒಂದು ಪುಟ ಬೇಕು ಅಂತ ಬಾಯಲ್ಲಿ ಹೇಳಿದರೆ ಸಾಕು. ಚಹಾ ಆರೋದರೊಳಗೆ ಸಿದ್ಧ. ಚಿತ್ರದ ಕೆಳಗಿನ ಮಾತೂ ಅದೇ ಬರೆಯುತ್ತೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ನನ್ನನ್ನ ಬಿಟ್ಟು ತಾವೇ ಮಾಡ್ಕೋತಿದಾರೆ."

"ನಿಮ್ಮ ಜಗಳ ಇದಕ್ಕೇನಾ?"

"ಮತ್ತಿನ್ಯಾವುದಕ್ಕೆ? ಒಂದೊಂದು ಬಟ್ಟೆಗೂ ಸಂತೆ ಹೆಂಗಸರು ಏನು ಹೆಸರಿಟ್ಟಿದಾರೆ ಅಂತ ಕೇಳ್ಕೊಂಡು ಬಂದು ಅವನೇ ಕೂತು ಬರೀತಿದ್ದ. ನಾನೂ ಯಂತ್ರಾನೇ ಹಿಡಿದಿದೀನಿ. ಆದರೆ ಅದು ಬರೆದದ್ದನ್ನ ಒಂದು ಸಲ ಓದ್ತೀನಿ. ಈ ಪುಟ ಮಾಡಿದ ಮಹಾಶಯ ಅದನ್ನೂ ಮಾಡಿಲ್ಲ. ಕೆಳಗೆ ನೋಡು."

ಪುಟದ ಕೊನೆಯಲ್ಲಿ ಒಂದು ಫೋಟೊ. ಕರಿ ನೆಲದ ಮೇಲೆ ಕೆಂಪು ಏಣಿಗಳ ಬಟ್ಟೆ. ಕೆಳಗೆ ಹೀಗಿತ್ತು: ಮದುವೆ, ಹುಟ್ಟುಹಬ್ಬಗಳ ಸಂಭ್ರಮಕ್ಕೆ ಸೊಗಸಾದ ಆಯ್ಕೆ!

"ಸಾವಿನ ಏಣಿ," ಎಂದ ಕೊಬಿನಾ. "ಎಲ್ಲರೂ ಹತ್ತಲೇಬೇಕಾದದ್ದು. ಇದನ್ನ ಉಟ್ಟು ಮದುವೆಗೆ ಹೋದರೆ ಮದುಮಗಳ ತಾಯಿ ಪೊರಕೆ ತಗೋತಾಳೆ."

ಪೊಕುವಾ ನಗಲಿಲ್ಲ. ಅವಳು ಬಟ್ಟೆಯನ್ನು ನೋಡುತ್ತಿರಲಿಲ್ಲ. ಬಟ್ಟೆ ಹರಡಿದ್ದ ಕುರ್ಚಿಯನ್ನು ನೋಡುತ್ತಿದ್ದಳು. ಅದರ ಮುರಿದ ಕೈಗೆ ನೀಲಿ ಟೇಪ್ ಸುತ್ತಿತ್ತು.

ಆ ಟೇಪ್ ಸುತ್ತಿದವಳು ಅವಳೇ.

*

ಸಂಜೆ ಅಂಗಡಿಯಲ್ಲಿ ಮಾಮೆ ಗಲ್ಲೆಯ ಹಿಂದೆ ಕೂತಿದ್ದಳು. ಅವಳ ತಂಗಿಯ ಮಗ ಅಂಪೊನ್ಸಾ ಬಟ್ಟೆ ಮಡಚುತ್ತಿದ್ದ. "ಕೂತ್ಕೊಳ್ಳಿ ಅಕ್ಕ," ಎಂದು ಸ್ಟೂಲು ಎಳೆದ.

ಪೊಕುವಾ ನಿಂತೇ ಕೇಳಿದಳು. "ಮಾಮೆ, ನಮ್ಮ ಮನೆ ಸಾವಿಗೆ ಎಲ್ಲರೂ ಉಡೋಕೆ ಅಂತ ಹಿರಿಯರು ಏಣಿ ಬಟ್ಟೆ ಆರಿಸಿದ್ದು ಯಾವಾಗ?"

"ಅವನು ಸತ್ತ ಮೇಲೆ. ಬದುಕಿದ್ದಾಗಲೇ ಯಾರಾದರೂ ಆರಿಸ್ತಾರಾ, ಹುಚ್ಚಿ?"

"ಈ ಪುಟದಲ್ಲಿ ಅದೇ ಬಟ್ಟೆ ಇದೆ. ನಮ್ಮ ಮನೆ ಕುರ್ಚಿ ಮೇಲಿದೆ. ಒಟೆಂಗ್ ಶವಾಗಾರದಿಂದ ಎದ್ದು ಬಂದು ಫೋಟೊ ತೆಗೆದರಾ?"

ಮಾಮೆ ಕನ್ನಡಕ ಹಾಕಿಕೊಂಡು ಫೋನ್ ನೋಡಿದಳು. ಅಂಪೊನ್ಸಾನ ಕೈ ನಿಂತಿತು.

"ಸಾವಿಗೆ ಆರಿಸಿದ ಬಟ್ಟೆಯನ್ನ ಆ ದಿನದ ತನಕ ಹೊರಗಿನವರಿಗೆ ತೋರಿಸೋ ಹಾಗಿಲ್ಲ," ಎಂದಳು ಪೊಕುವಾ. " ಆವತ್ತು ಕೋಣೆಯಲ್ಲಿ ಇದ್ದದ್ದು ಹಿರಿಯರು, ನಾನು, ಮಾದರಿ ತಂದ ಅಂಪೊನ್ಸಾ. ಹಿರಿಯರ ಫೋನಿಗೆ ಕ್ಯಾಮೆರಾ ಇಲ್ಲ. ನಾನು ತಲೆಯೇ ಎತ್ತಿರಲಿಲ್ಲ. ಕುರ್ಚಿ ಮೇಲೆ ಹರಡಿ ಫೋಟೊ ತೆಗೆದವನು ಇವನು. ಅಂಗಡಿಯಲ್ಲಿ ಇದೇ ಬಟ್ಟೆ ತೆಗೆದಿಡಬೇಕು, ನೆನಪಿಗೆ ಅಂದದ್ದು ಕೇಳಿಸಿತು."

"ಅದಕ್ಕೇನು ಈಗ?" ಎಂದ ಅಂಪೊನ್ಸಾ.

"ಆಮೇಲೆ ಒಟೆಂಗ್ ಮಾಡಿದ್ದನ್ನ ತೆಗೆದು ಹೊಸ ಪುಟ ಕಟ್ಟಿಸೋಕೆ ಫೋನಿನಲ್ಲಿದ್ದ ಬಟ್ಟೆ ಫೋಟೊ ಎಲ್ಲ ಯಂತ್ರಕ್ಕೆ ಸುರಿದೆ. ಅದೂ ಜೊತೆಗೆ ಹೋಯಿತು. ಯಂತ್ರ ಅದನ್ನ ಮದುವೆ ಬಟ್ಟೆ ಮಾಡಿತು. ಈ ಊರವರು ಯಾರು ಒಂದು ಸಲ ಓದಿದ್ದರೂ ಅಲ್ಲೇ ಅಳಿಸ್ತಿದ್ದರು. ನೀನು ಓದಲಿಲ್ಲ."

"ಪಾಸ್‌ವರ್ಡ್?" ಮಾಮೆಯ ದನಿ ಇಳಿದಿತ್ತು.

"ಮರೆತುಹೋಯಿತು ಅಂದರೆ ಹೊಸದು ಅಂಗಡಿಯ ಇಮೇಲಿಗೆ ಬರುತ್ತೆ. ಅದನ್ನ ನೋಡೋರು ಯಾರು ಮಾಮೆ?"

ಮಾಮೆ ನಿಧಾನವಾಗಿ ತಿರುಗಿದಳು. ಅಂಪೊನ್ಸಾ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದ.

"ಅಂಗಡಿ ಹೇಗೂ ನಿಮ್ಮ ಮಗಳಿಗೆ, ದೊಡ್ಡಮ್ಮ. ನಾನು ಹೀಗೇ ಮಡಚ್ತಾ ಮುದುಕ ಆಗ್ಬೇಕಾ? ನಾನು ಮದುವೆ ಆಗೋಳು ಸಣ್ಣದೊಂದು ಅಂಗಡಿ ಹಾಕಿದಾಳೆ. ಫೋನ್ ಎತ್ತೋದೂ ಅವಳೇ."

"ಸತ್ತವನ ತಲೆಗೆ ಯಾಕೋ ಕಟ್ಟಿದೆ?"

"ಸತ್ತವರು ಜಗಳಕ್ಕೆ ಬರಲ್ಲ ಅಂದ್ಕೊಂಡೆ."

"ಹೆಂಡತಿ ಬರ್ತಾಳೆ ಕಣೋ, ಮೂರ್ಖ!" ಮಾಮೆ ಎದ್ದು ಬಂದು ಪೊಕುವಾಳ ಕೈ ಹಿಡಿದಳು. "ನಲವತ್ತನೇ ದಿನ ಎದ್ದು ನಿಲ್ತೀನಿ ಮಗಳೇ. ಅವನ ಕೈ ಶುದ್ಧ ಅಂತ ಹೇಳ್ತೀನಿ. ಬೆಳಿಗ್ಗೆ ನಿನ್ನ ಹತ್ರ ಕೂಗಾಡಿದ್ದನ್ನೂ ಹೇಳ್ತೀನಿ."

ಗೆದ್ದೆ ಅನ್ನಿಸಲಿಲ್ಲ ಪೊಕುವಾಳಿಗೆ. ಕಾಲು ನೋಯುತ್ತಿತ್ತು. ಈಗ ಆ ಸ್ಟೂಲಿನ ಮೇಲೆ ಕೂತಳು.

*

ಮರುದಿನ ಗಂಡನ ಕೆಲಸದ ಕೋಣೆಯ ಬಾಗಿಲು ತೆಗೆದಳು. ಅವನು ಆಸ್ಪತ್ರೆಗೆ ಹೋದಂದಿನಿಂದ ಮುಚ್ಚೇ ಇತ್ತು. ಮೇಜಿನ ಕೆಳಗೆ ದೂಳು ಕೂತ ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಕೊಬಿನಾ ಎಂದು ಬರೆದಿತ್ತು.

ಕಂಪ್ಯೂಟರಿನ ವೈರು ಕಿತ್ತಳು. ಮೇಜಿನ ದೀಪದ್ದು ಕಿತ್ತಳು. ಫೋನಿನ ಚಾರ್ಜರ್ ಹತ್ತಿರ ಬಂದಾಗ ಕೈ ಸ್ವಲ್ಪ ತಡೆಯಿತು. ಅದನ್ನೂ ಕಿತ್ತಳು. ಬೋರ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

ಅದನ್ನು ಹಿಡಿದು ಟೈರ್ ಅಂಗಡಿಯ ಮಹಡಿ ಹತ್ತಿದಳು. ಕೊಬಿನಾ ಅದನ್ನು ನೋಡಿ ತಲೆ ಆಡಿಸಿದ. "ಎರಡು ದಿನಕ್ಕೆ ಅಂತ ತಗೊಂಡು ಹೋಗಿದ್ದ. ಆಮೇಲೆ ಜಗಳ ಆಯ್ತು, ನಾನು ಕೇಳಲಿಲ್ಲ, ಅವನು ಕೊಡಲಿಲ್ಲ. ಇಟ್ಕೋ ತಂಗಿ."

"ಬೇಡ ಅಣ್ಣ," ಎಂದು ಪೊಕುವಾ ಬಲಗೈಯಲ್ಲಿ ಬೋರ್ಡ್ ಮುಂದೆ ಚಾಚಿದಳು. "ಅವರ ಹತ್ರ ಯಾರದ್ದೂ ಉಳಿಯೋದು ಬೇಡ."

ಕೊಬಿನಾ ಎರಡೂ ಕೈ ಒಡ್ಡಿ ತೆಗೆದುಕೊಂಡ.